ಪದಕ ತಾರದವರಿಗೆ ಹನ್ನೆರಡು ಪುಟವೇಕೆ?

ಮಾನ್ಯರೇ,

ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ಮೇಲೆ ನಾವು ತಂದ ವಿಶೇಷ ಸಂಚಿಕೆಯಲ್ಲಿ ಕರ್ನಾಟಕದ ಕ್ರೀಡಾಪಟುಗಳಿಗೆ ಹನ್ನೆರಡು ಪುಟ ಮೀಸಲಿಟ್ಟದ್ದನ್ನು ನೀವು ಆಕ್ಷೇಪಿಸಿದ್ದೀರಿ. ಅವರಲ್ಲಿ ಒಬ್ಬರೂ ಪದಕ ತರಲಿಲ್ಲ, ದೇಶಕ್ಕಾಗಿ ಆಡಿದವರನ್ನು ರಾಜ್ಯದ ಲೆಕ್ಕಕ್ಕೆ ಬರೆದುಕೊಳ್ಳುವುದು ಸಂಕುಚಿತತನ, ಅಷ್ಟು ಪುಟ ಕೊಟ್ಟೂ ಪ್ಯಾರಾಲಿಂಪಿಕ್ಸ್‌ನ ಗಿರೀಶರನ್ನು ಮರೆತಿದ್ದೀರಿ ಎಂಬ ಮೂರು ಮಾತುಗಳು ನಿಮ್ಮ ಪತ್ರದಲ್ಲಿವೆ. ಮೂರನೆಯದು ನಮ್ಮ ತಪ್ಪೇ. ಅದರ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲೆರಡನ್ನು ನಾನು ಒಪ್ಪಲಾರೆ.

1920ರಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದರು. ಆ ವರ್ಷದ ಓಟ ಈಗಿನ 42.195 ಕಿಲೋಮೀಟರ್‌ನದಲ್ಲ; 42.750 ಕಿಲೋಮೀಟರ್‌ನ ಆ ದಾರಿಗಿಂತ ಉದ್ದದ ಮ್ಯಾರಥಾನ್ ಒಲಿಂಪಿಕ್ಸ್‌ನಲ್ಲಿ ಇಂದಿಗೂ ನಡೆದಿಲ್ಲ. ಅದನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ ಅವರು ಹತ್ತೊಂಬತ್ತನೆಯವರಾದರು. ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ, ನಿಜ. ಆದರೆ ದೂರದ ಓಟಕ್ಕೆ ಇಂದಿನಂಥ ತರಬೇತಿಯಾಗಲಿ ವ್ಯವಸ್ಥೆಯಾಗಲಿ ಇಲ್ಲದಿದ್ದ ಕಾಲದಲ್ಲಿ, ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ಕಾಣದ ಸೀಮೆಯ ರಸ್ತೆಯಲ್ಲಿ ಓಟ ಪೂರೈಸಿದ ಆ ಮನುಷ್ಯನನ್ನು ಪದಕದ ಪಟ್ಟಿಯಲ್ಲಿ ಹುಡುಕಿ, ಅಲ್ಲಿಲ್ಲವೆಂದು ಕೈಬಿಟ್ಟರೆ, ನಮ್ಮ ಕೈಯಲ್ಲಿ ಉಳಿಯುವ ಚರಿತ್ರೆ ಎಷ್ಟು ಬಡವಾದೀತು ಎಂದು ಯೋಚಿಸಿ.

ನಿಮ್ಮ ಎರಡನೆಯ ಮಾತಿಗೂ ಚೌಗುಲೆಯವರಲ್ಲೇ ಉತ್ತರವಿದೆ. ಅವರು ಓಡಿದಾಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು; ಕರ್ನಾಟಕ ಎಂಬ ರಾಜ್ಯವಿರಲಿಲ್ಲ. ಅವರನ್ನು ಕನ್ನಡಿಗರೂ ನೆನೆಯಬಹುದು, ಮರಾಠಿಗರೂ ನೆನೆಯಬಹುದು. ಒಬ್ಬರ ನೆನಪಿನಿಂದ ಇನ್ನೊಬ್ಬರ ಪಾಲು ಕಡಿಮೆಯಾಗದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದು, ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಖಾತೆ ತೆರೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂದು ನಾವು ಬರೆದದ್ದು ರಾಜ್ಯದ ಗಡಿ ಎಳೆಯಲಿಕ್ಕಲ್ಲ. ಆ ಕಾಲು ಚೆಂಡಿಗೆ ಹದವಾದದ್ದು ಯಾವ ಮೈದಾನದ ಮಣ್ಣಿನಲ್ಲಿ ಎಂದು ಹೇಳಲಿಕ್ಕೆ.

ಇದಕ್ಕೆ ಕೊಡಗಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಭಾರತದ ಹಾಕಿ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ 1988ರ ಸೋಲ್‌ನಲ್ಲಿ ನಾಯಕರಾದರು. ಆಮೇಲೆ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಬಂದರು. ಇಷ್ಟು ಸಣ್ಣ ಜಿಲ್ಲೆಯಿಂದ ಇಷ್ಟು ಜನ ಬಂದದ್ದು ಆಕಸ್ಮಿಕವಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಅರವತ್ತು ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ, ನಾಪೋಕ್ಲುವಿನಲ್ಲಿ, 360 ಕುಟುಂಬಗಳು ಆಡಿದವು. ಒಂದೇ ಒಕ್ಕದ, ಅಂದರೆ ಮನೆತನದ, ಅಜ್ಜ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿಯಬಹುದಾದ ಆ ಮೈದಾನದಲ್ಲಿ, ಒಲಿಂಪಿಕ್ಸ್ ಆಡಿ ಬಂದವರು ಮಕ್ಕಳ ಪಾಲಿಗೆ ಪತ್ರಿಕೆಯ ಚಿತ್ರವಲ್ಲ, ಪಕ್ಕದ ಮನೆಯ ಮಾವ. ಊರು ತನ್ನ ಆಟಗಾರನನ್ನು ಕೊಂಡಾಡುವುದೆಂದರೆ ನನ್ನ ಮಟ್ಟಿಗೆ ಇದು. ಹಾರ, ತೆರೆದ ಜೀಪಿನ ಮೆರವಣಿಗೆ ಎಲ್ಲ ಆಮೇಲಿನದು.

ಪ್ಯಾರಿಸ್‌ಗೆ ಬರೋಣ. ಇನ್ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದ ಹದಿನಾಲ್ಕರ ಧಿನಿಧಿ ದೇಸಿಂಗು ಭಾರತ ತಂಡದ ಅತಿ ಕಿರಿಯ ಸದಸ್ಯೆ. ಇದೇ ಸ್ಪರ್ಧೆಯಲ್ಲಿ 2000ದ ಸಿಡ್ನಿಯಲ್ಲಿ ಬೆಂಗಳೂರಿನ ನಿಶಾ ಮಿಲ್ಲೆಟ್ ತಮ್ಮ ಹೀಟ್ (ಆರಂಭಿಕ ಸುತ್ತಿನ ಸ್ಪರ್ಧೆ) ಗೆದ್ದಿದ್ದರು. ಆ ಇಪ್ಪತ್ತನಾಲ್ಕು ವರ್ಷಗಳ ನಂಟನ್ನು ತೋರಿಸಲು ನಮಗೆ ಎರಡು ಪುಟ ಬೇಕಾಯಿತು. ಅದು ಹೆಚ್ಚಾಯಿತೆಂದು ಈಗಲೂ ಅನ್ನಿಸುತ್ತಿಲ್ಲ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೋದಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ 2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್‌ನ ಗಂಧವೇ ಇಲ್ಲದ ನನ್ನಂಥವರೂ ಟಿ.ವಿ. ಮುಂದಿನಿಂದ ಕದಲಿರಲಿಲ್ಲ. ಆ ಬೆಳಿಗ್ಗೆ ನಮ್ಮೊಳಗೆ ದೇಶ ಎಷ್ಟಿತ್ತು, ಬೆಂಗಳೂರು ಎಷ್ಟಿತ್ತು ಎಂದು ಬೇರ್ಪಡಿಸಿ ತೂಗಲು ನನ್ನಿಂದಾಗದು. ತೂಗಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಇನ್ನು ಗಿರೀಶರ ವಿಷಯ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದವರು. ಹಿಂದಿನ ಸಾಧಕರ ಪಟ್ಟಿ ಮಾಡುವಾಗ ನಾವು ಒಲಿಂಪಿಕ್ಸ್‌ನ ಹೆಸರುಗಳನ್ನಷ್ಟೇ ತೆಗೆದುಕೊಂಡೆವು, ಹಾಗೆ ಮಾಡಬಾರದಿತ್ತು. ಮುಂದಿನ ಸಂಚಿಕೆಯಲ್ಲಿ ಅವರ ಕುರಿತು ಪೂರ್ಣ ಲೇಖನ ಬರಲಿದೆ, ಜೊತೆಗೆ ಹಾಸನದಲ್ಲೇ ಹುಟ್ಟಿ ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲೂ ಪ್ಯಾರಾ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಸುಹಾಸ್ ಎಲ್.ವೈ. ಅವರ ಕುರಿತೂ. ಈ ಲೋಪವನ್ನು ತೋರಿಸಿಕೊಟ್ಟ ನಿಮ್ಮ ಪತ್ರದ ಭಾಗವನ್ನು ಆ ಲೇಖನದ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ