ಒಂದೇ ತೂಕದ ನಕ್ಷತ್ರ ಮತ್ತು ಕಪ್ಪು ಕುಳಿ: ಬೆಳಕನ್ನು ಜಾಸ್ತಿ ಬಾಗಿಸುವುದು ಯಾವುದು?

ನೀವು ಎರಡು ವಿಷಯ ಕೇಳಿದ್ದೀರಿ. ಒಂದೇ ತೂಕದ ನಕ್ಷತ್ರ ಮತ್ತು ಕಪ್ಪು ಕುಳಿಯಲ್ಲಿ ಬೆಳಕನ್ನು ಜಾಸ್ತಿ ಬಾಗಿಸುವುದು ಯಾವುದು? ದೂರದ ನಕ್ಷತ್ರಕ್ಕೂ ನಮಗೂ ನಡುವೆ ಅಡ್ಡ ಬಂದಿರುವುದು ಕಪ್ಪು ಕುಳಿಯೇ, ಅಂದರೆ ಬೆಳಕೂ ಹೊರಬರಲಾಗದಷ್ಟು ಹಿಂಡಿಹೋದ ವಸ್ತುವೇ ಎಂದು ಹೇಗೆ ಗೊತ್ತಾಗುತ್ತದೆ? ಮೊದಲನೆಯದಕ್ಕೆ ಉತ್ತರ ಚಿಕ್ಕದು: ಒಂದೇ ದೂರದಲ್ಲಿ ಹಾದು ಹೋಗುವ ಬೆಳಕನ್ನು ಎರಡೂ ಒಂದೇ ಸಮ ಬಾಗಿಸುತ್ತವೆ. ಎರಡನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕು. ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ಒಂದು ವರ್ಷ ನಾನು ಇದರ ಜೊತೆಗೇ ಗುದ್ದಾಡಿದ್ದೇನೆ.

ಸೂರ್ಯನನ್ನೇ ತೆಗೆದುಕೊಳ್ಳಿ. ಅವನ ಅಂಚನ್ನು ಸವರಿಕೊಂಡು ಬರುವ ಬೆಳಕು ಅವನ ಗುರುತ್ವದಿಂದ 1.75 ಆರ್ಕ್‌ಸೆಕೆಂಡ್ ಬಾಗುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಆರ್ಕ್‌ಸೆಕೆಂಡ್. 1919ರ ಮೇ 29ರ ಸೂರ್ಯಗ್ರಹಣದ ದಿನ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಆಫ್ರಿಕಾ ಬಳಿಯ ಪ್ರಿನ್ಸಿಪೆ ದ್ವೀಪದಲ್ಲೂ ಇನ್ನೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ನಲ್ಲೂ ಅಳೆಯಲು ಹೊರಟಿದ್ದು ಇದನ್ನೇ. ಈಗ ಇದೇ ಸೂರ್ಯನನ್ನು ಹಿಂಡಿ ಕಪ್ಪು ಕುಳಿ ಮಾಡಿದಿರಿ ಅನ್ನಿ. ತ್ರಿಜ್ಯ ಬರೀ 3 ಕಿಲೋಮೀಟರ್‌ಗೆ ಇಳಿಯುತ್ತದೆ. ಆದರೆ ಹಳೆಯ ಅಂಚಿದ್ದ ಜಾಗದಲ್ಲಿ, ಅಂದರೆ ಕೇಂದ್ರದಿಂದ ಸುಮಾರು 7 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದು ಹೋಗುವ ಬೆಳಕು ಆಗಲೂ ಅದೇ 1.75 ಆರ್ಕ್‌ಸೆಕೆಂಡ್ ಬಾಗುತ್ತದೆ. ಹೊಸದೇನು ಅಂದರೆ, ಬೆಳಕಿಗೆ ಈಗ ಇನ್ನೂ ಒಳಗೆ ನುಗ್ಗಲು ದಾರಿ ಸಿಕ್ಕಿದೆ. ಒಳಗೆ ಹೋದಷ್ಟೂ ಬಾಗು ಜಾಸ್ತಿ. ಕೇಂದ್ರದಿಂದ ನಾಲ್ಕೂವರೆ ಕಿಲೋಮೀಟರ್ ಹತ್ತಿರಕ್ಕೆ ಬಂದರೆ ಬೆಳಕು ಸುತ್ತು ಹೊಡೆಯಲೂಬಹುದು. 2019ರಲ್ಲಿ ಎಲ್ಲರೂ ನೋಡಿದ ಎಂ87 ಎಂಬ ಗ್ಯಾಲಕ್ಸಿಯ ಕಪ್ಪು ಕುಳಿಯ ಉಂಗುರದ ಚಿತ್ರ ಇಂಥ ಒಳದಾರಿಯ ಬೆಳಕಿನಿಂದ ಆದದ್ದು. ಅದರ ತೂಕ 650 ಕೋಟಿ ಸೂರ್ಯರಷ್ಟು, ಹಾಗಾಗಿ ಅಷ್ಟು ದೂರದಿಂದಲೂ ಕಂಡಿತು.

ನಮ್ಮ ಗ್ಯಾಲಕ್ಸಿಯೊಳಗೆ ಅಲೆಯುವ ಚಿಕ್ಕ ಕಪ್ಪು ಕುಳಿಗಳ ಕಥೆ ಬೇರೆ. ಹೆಚ್ಚಿನವರು ಎಡವುವುದು ಇಲ್ಲಿ. ಗ್ಯಾಲಕ್ಸಿಯ ನಡುಭಾಗದಲ್ಲಿ ಒಂದು ನಕ್ಷತ್ರ ಇದೆ, ಅದಕ್ಕೂ ನಮಗೂ ಸರಿಯಾಗಿ ಅರ್ಧದಾರಿಯಲ್ಲಿ ಸೂರ್ಯನಷ್ಟು ತೂಕದ ವಸ್ತುವೊಂದು ಅಡ್ಡ ಬಂದಿದೆ ಎಂದುಕೊಳ್ಳಿ. ಬಾಗಿ ನಮ್ಮ ಕಣ್ಣಿಗೆ ಬರುವ ಬೆಳಕು ಆ ವಸ್ತುವಿನಿಂದ ಸುಮಾರು 60 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದು ಬಂದಿರುತ್ತದೆ. ಅದಕ್ಕಿಂತ ತುಂಬಾ ಒಳಗೆ ಹೋದದ್ದು ಜಾಸ್ತಿ ಬಾಗಿ ಬೇರೆ ಎಲ್ಲಿಗೋ ಹೋಗಿಬಿಡುತ್ತದೆ. 60 ಕೋಟಿ ಅಂದರೆ ಸೂರ್ಯನಿಂದ ಮಂಗಳವನ್ನು ದಾಟಿ ಗುರುವಿನ ಕಡೆಗೆ ಸಾಕಷ್ಟು ದೂರ ಹೋದಂತೆ. ಅಷ್ಟು ದೂರದ ಬೆಳಕಿಗೆ, ನಡುವೆ ಇರುವುದು 7 ಲಕ್ಷ ಕಿಲೋಮೀಟರಿನ ಉರಿಯುವ ಚೆಂಡೋ 3 ಕಿಲೋಮೀಟರಿನ ಕತ್ತಲೋ ಹೇಗೆ ಗೊತ್ತಾಗಬೇಕು?

ಇನ್ನು ನಮಗೆ ಕಾಣುವುದೇನು? ಹಿಂದಿನ ನಕ್ಷತ್ರದ ಎರಡು ಬಿಂಬ ಆಗುತ್ತವೆ. ಆದರೆ ಅವುಗಳ ನಡುವಿನ ಅಂತರ ಆರ್ಕ್‌ಸೆಕೆಂಡಿನ ಸಾವಿರದ ಒಂದೆರಡು ಪಾಲು. ಮಾಮೂಲಿ ದೂರದರ್ಶಕದಲ್ಲಿ ಎರಡೂ ಕೂಡಿ ಒಂದೇ ಚುಕ್ಕಿ. ಆ ಚುಕ್ಕಿ ನಿಧಾನಕ್ಕೆ ಬೆಳಗಿ, ಮತ್ತೆ ಮಂಕಾಗುತ್ತದೆ. ಇದಕ್ಕೆ ಮೈಕ್ರೋಲೆನ್ಸಿಂಗ್ ಎಂದು ಹೆಸರು. 1936ರಲ್ಲಿ ಐನ್‌ಸ್ಟೈನ್ ಇದರ ಲೆಕ್ಕ ಬರೆದು, ಇದನ್ನು ನೋಡುವ ಸಾಧ್ಯತೆ ಅಷ್ಟಾಗಿ ಇಲ್ಲ ಎಂದಿದ್ದರು. ಒಂದೇ ನಕ್ಷತ್ರ ನೋಡುತ್ತಾ ಕೂತರೆ ಅವರ ಮಾತು ಸರಿಯೇ. 1986ರಲ್ಲಿ ಪೋಲೆಂಡ್ ಮೂಲದ ಖಗೋಳ ವಿಜ್ಞಾನಿ ಬೊಹ್ದಾನ್ ಪಾಚಿನ್ಸ್ಕಿ, ಲಕ್ಷಗಟ್ಟಲೆ ನಕ್ಷತ್ರಗಳನ್ನು ಒಟ್ಟಿಗೆ ಗಮನಿಸಿ ಎಂದರು. 1993ರಲ್ಲಿ ಮಾಚೊ, ಇರೋಸ್, ಓಗ್ಲ್ ಎಂಬ ಮೂರು ತಂಡಗಳಿಗೂ ಇಂಥ ಘಟನೆಗಳು ಸಿಕ್ಕವು. ಕಂಪ್ಯೂಟರ್ ಬಂದದ್ದೇ ದೊಡ್ಡ ಬದಲಾವಣೆ ಅಂತ ನನಗನಿಸುತ್ತದೆ. ಅಷ್ಟು ಚುಕ್ಕಿಗಳನ್ನು ದಿನಾ ಕೈಯಲ್ಲಿ ಅಳೆಯಲು ಆಗುತ್ತಿತ್ತಾ?

ಪ್ರಾಜೆಕ್ಟಿನಲ್ಲಿ ನನಗೂ ಒಮ್ಮೆ ಅಂಥ ಒಂದು ಗುಡ್ಡ ಸಿಕ್ಕಿತ್ತು. ಅಂದರೆ ನಕ್ಷತ್ರದ ಹೊಳಪಿನ ನಕ್ಷೆಯಲ್ಲಿ ನೂರಕ್ಕೂ ಜಾಸ್ತಿ ದಿನ ಹಬ್ಬಿದ, ಮೇಲೇರಿ ಇಳಿಯುವ ಗೆರೆ. ರಾತ್ರಿಯಿಡೀ ಕೂತು ಸೂತ್ರ ಹೊಂದಿಸಿ ಬೆಳಿಗ್ಗೆ ಗೈಡ್ ಮುಂದೆ ಇಟ್ಟೆ. "ನೀಲಿಯಲ್ಲೂ ಕೆಂಪಿನಲ್ಲೂ ಅಷ್ಟೇ ಏರಿದೆಯಾ?" ಅಂತ ಮಾತ್ರ ಕೇಳಿದರು. ನೋಡಿದರೆ ನೀಲಿ ಜಾಸ್ತಿ ಏರಿತ್ತು. ಗುರುತ್ವ ಎಲ್ಲ ಬಣ್ಣವನ್ನೂ ಒಂದೇ ಸಮ ಬಾಗಿಸುತ್ತದೆ, ಹಾಗಾಗಿ ನನ್ನದು ಸುಮ್ನೆ ತಾನಾಗಿಯೇ ಬೆಳಗುವ, ಮಂಕಾಗುವ ನಕ್ಷತ್ರ. ಒಂದು ವಾರ ಮುಖ ಸಣ್ಣದಾಗಿತ್ತು.

ನಿಜವಾದ ಘಟನೆಯಲ್ಲೂ ತೊಡಕಿದೆ. ಅಳೆಯಲು ಸುಲಭವಾಗಿ ಸಿಗುವುದು ಅದು ಎಷ್ಟು ದಿನ ನಡೆಯಿತು ಎಂಬುದು. ಭಾರದ ವಸ್ತುವಿಗೆ ಜಾಸ್ತಿ ದಿನ ಬೇಕು, ನಿಜ. ಆದರೆ ಹಗುರದ ವಸ್ತು ನಿಧಾನಕ್ಕೆ ಸಾಗಿದರೂ ಅಷ್ಟೇ ದಿನ ಹಿಡಿಯುತ್ತದೆ. ಈ ಗಂಟು ಬಿಡಿಸಲು ಇನ್ನೆರಡು ಅಳತೆ ಬೇಕು. ಭೂಮಿ ಸೂರ್ಯನನ್ನು ಸುತ್ತುವುದರಿಂದ ನಮ್ಮ ನೋಟದ ಕೋನ ಬದಲಾಗುತ್ತದೆ, ಅದರಿಂದ ಗುಡ್ಡ ಸ್ವಲ್ಪ ವಾರೆಯಾಗುತ್ತದೆ. ಇದೊಂದು. ಎರಡು ಬಿಂಬಗಳ ಹೊಳಪು ಬೇರೆ ಬೇರೆ ಇರುವುದರಿಂದ ಆ ಕೂಡಿದ ಚುಕ್ಕಿಯೂ ಆಕಾಶದಲ್ಲಿ ಚೂರೇ ಚೂರು ಸರಿಯುತ್ತದೆ. ಇದು ಇನ್ನೊಂದು. ಎರಡೂ ಸಿಕ್ಕರೆ ತೂಕ ಬಂತು.

2011ರಲ್ಲಿ ಓಗ್ಲ್ ಮತ್ತು ಮೊಆ ತಂಡಗಳು ಕಂಡ ಒಂದು ಘಟನೆಯಲ್ಲಿ ಹೀಗೇ ಮಾಡಿದರು. ಚುಕ್ಕಿ ಸರಿಯುವುದನ್ನು ಹಬಲ್ ದೂರದರ್ಶಕ 2017ರ ತನಕ ಮತ್ತೆ ಮತ್ತೆ ನೋಡಿತು. 2022ರಲ್ಲಿ ಒಂದು ತಂಡ ಲೆನ್ಸಿನ, ಅಂದರೆ ಅಡ್ಡ ಬಂದು ಬೆಳಕು ಬಾಗಿಸಿದ ವಸ್ತುವಿನ ತೂಕ ಸುಮಾರು 7 ಸೂರ್ಯರಷ್ಟು, ದೂರ ಸುಮಾರು 5,000 ಬೆಳಕಿನ ವರ್ಷ ಎಂದಿತು. ಅದೇ ವರ್ಷ ಇನ್ನೊಂದು ತಂಡಕ್ಕೆ ಸಿಕ್ಕ ತೂಕ 1.6ರಿಂದ 4.4 ಸೂರ್ಯರಷ್ಟು. ಹಾಗಿದ್ದರೆ ಅದು ನ್ಯೂಟ್ರಾನ್ ನಕ್ಷತ್ರವೂ, ಅಂದರೆ ಸತ್ತ ನಕ್ಷತ್ರದ ಬಿಗಿಯಾಗಿ ಹಿಂಡಿದ ತಿರುಳೂ ಆಗಿರಬಹುದಿತ್ತು. ಪಕ್ಕದಲ್ಲೇ ಜೋರಾಗಿ ಹೊಳೆಯುವ ಇನ್ನೊಂದು ನಕ್ಷತ್ರ ಇತ್ತು, ಅದರ ಬೆಳಕನ್ನು ಕಳೆದು ಚುಕ್ಕಿ ಇಷ್ಟು ಸಣ್ಣದಾಗಿ ಸರಿಯುವುದನ್ನು ಅಳೆಯುವುದು ತಲೆನೋವಿನ ಕೆಲಸ. ಆ ಎರಡನೇ ತಂಡವೇ ಮತ್ತೆ ಲೆಕ್ಕ ಹಾಕಿದಾಗ ಸುಮಾರು 6 ಬಂತು, ನ್ಯೂಟ್ರಾನ್ ನಕ್ಷತ್ರಕ್ಕೆ ಅದು ತೀರಾ ಜಾಸ್ತಿ. ಅಷ್ಟು ತೂಕದ ಮಾಮೂಲಿ ನಕ್ಷತ್ರ ಆ ದೂರದಲ್ಲಿ ಇದ್ದಿದ್ದರೆ ಹಬಲ್ ಕಣ್ಣಿಗೆ ತಪ್ಪುವ ಮಾತೇ ಇರಲಿಲ್ಲ. ಆ ಚಿತ್ರಗಳಲ್ಲಿ ಹಿಂದಿನ ನಕ್ಷತ್ರ ಇದೆ, ಪಕ್ಕದ ನಕ್ಷತ್ರ ಇದೆ. ಲೆನ್ಸ್ ಇರಬೇಕಾದ ಜಾಗದಿಂದ ಮಾತ್ರ ಬೆಳಕೇ ಬಂದಿಲ್ಲ.