ಅಲೈನ್‌ಮೆಂಟ್ ಸರಿ ಇದ್ದರೂ ರೇಸ್ ಕಾರು ಬಲಕ್ಕೆ ತಿರುಗುವಾಗ ಯಾಕೆ ಜಾರುತ್ತದೆ?

ಬೆಳಗಾವಿ ಉದ್ಯಮಬಾಗದ ಶೆಡ್ಡಲ್ಲಿ ಕಟ್ಟಿದ ನಿಮ್ಮ ಕಾಲೇಜು ಕಾರು ಎಡಕ್ಕೆ ಸಲೀಸಾಗಿ ತಿರುಗುತ್ತದೆ, ಬಲಕ್ಕೆ ಮಾತ್ರ ಮುಂಭಾಗ ಹೊರಕ್ಕೆ ಜಾರುತ್ತದೆ ಅಂದಿದ್ದೀರಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಕಡೆ ಒಂದೇ ಇದ್ದರೆ ನನ್ನ ಮೊದಲ ಅನುಮಾನ ಕಾರ್ನರ್ ವೇಟ್, ಅಂದರೆ ಒಂದೊಂದು ಚಕ್ರದ ಮೇಲೆ ಬೀಳುವ ಭಾರದ ಮೇಲೆ.

ಡ್ರೈವರ್ ಸೇರಿ 300 ಕೆಜಿ ಅಂತಿಟ್ಟುಕೊಳ್ಳಿ. ಮುಂದೆ ಎಡ 75, ಬಲ 65. ಹಿಂದೆ ಎಡ 75, ಬಲ 85. ಎಡಕ್ಕೂ ಬಲಕ್ಕೂ 150 ಬಂತು, ಸರಿ ಅಲ್ವಾ? ಈಗ ಮೂಲೆಯಿಂದ ಮೂಲೆಗೆ ಕೂಡಿಸಿ: ಮುಂದಿನ ಎಡ, ಹಿಂದಿನ ಬಲ ಸೇರಿ 160; ಮುಂದಿನ ಬಲ, ಹಿಂದಿನ ಎಡ ಸೇರಿ 140. ಕುಂಟುವ ಮಂಚದ ಹಾಗೆ ಒಂದು ಜೋಡಿಯೇ ಜಾಸ್ತಿ ಭಾರ ಹೊರುತ್ತಿದೆ. ಬಲ ತಿರುವಿನಲ್ಲಿ ಭಾರ ಎಡಕ್ಕೆ ವಾಲುವುದರಿಂದ ಮುಂದಿನ ಎಡ ಟೈರಿಗೆ ಹೊರೆ ಮಿತಿ ಮೀರುತ್ತದೆ.

ಭಾರದ ಜೋಡಿಯ ಸ್ಪ್ರಿಂಗ್ ಕಾಲರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ತಿರುಗಿಸುವ ಬಳೆ) ಸ್ವಲ್ಪ ಸಡಿಲಿಸಿ, ಇನ್ನೊಂದು ಜೋಡಿಯದ್ದು ಅಷ್ಟೇ ಬಿಗಿ ಮಾಡಿ. ಎಡ-ಬಲ ಮೊತ್ತವೇ ಬೇರೆ ಬಂದರೆ ಕಾಲರ್ ತಿರುಗಿಸಿ ಪ್ರಯೋಜನವಿಲ್ಲ, ಬ್ಯಾಟರಿಯಂಥ ಭಾರವನ್ನೇ ಸರಿಸಬೇಕು.

ತೂಗುವ ಮೊದಲು ಟೈರಿನ ಗಾಳಿ ನೋಡಿ, ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು) ಲಿಂಕ್ ಬಿಚ್ಚಿ, ಡ್ರೈವರ್ ಕೂತಿರಲಿ. ಶೆಡ್ಡಿನ ನೆಲವನ್ನು ಸುಮ್ನೆ ನಂಬಬೇಡಿ, ಗೌಂಡಿಗಳ ನೀರಿನ ಪೈಪಿನಿಂದ ಲೆವೆಲ್ ನೋಡಿ. ಟೋ ಕೊನೆಗೆ ಇನ್ನೊಮ್ಮೆ ಅಳೆಯಿರಿ, ಎತ್ತರ ಬದಲಾದರೆ ಅದೂ ಬದಲಾಗುತ್ತದೆ.