ಪಿಂಗಾಣಿ ಭರಣಿಯ ತಳದಲ್ಲಿ ಚೀನಾದ ಕಾಂಗ್‌ಶಿ ದೊರೆಯ ಮುದ್ರೆ ಇದೆ, ಇದು ನಿಜಕ್ಕೂ 300 ವರ್ಷ ಹಳೆಯದಾ?

ನಿಮ್ಮ ಹತ್ತಿರ ಎರಡು ಭರಣಿ ಇವೆ ಎಂದಿದ್ದೀರಿ. ಮೊದಲನೆಯದು ನೀಲಿ ನೆಲದ ಮೇಲೆ ಬಿಳಿ ಪ್ಲಮ್ ಹೂ ಬಿಡಿಸಿದ ದುಂಡನೆಯ ಮುಚ್ಚಳದ ಭರಣಿ. ತಳದಲ್ಲಿ ಎರಡು ನೀಲಿ ಉಂಗುರ, ಅದರೊಳಗೆ ನಾಲ್ಕು ಚೀನೀ ಅಕ್ಷರ. ಲಂಡನ್ನಿನ ಹಳೇ ಸಾಮಾನಿನ ಅಂಗಡಿಯವರು ‘ಕಾಂಗ್‌ಶಿ ಕಾಲದ್ದು, 300 ವರ್ಷದ್ದು’ ಎಂದು ಹೇಳಿ ಕೊಟ್ಟಿದ್ದಾರೆ. ಎರಡನೆಯದು ಹಸಿರು ಬಣ್ಣದ ಆರು ಮೂಲೆಯ ಪುಟ್ಟ ಭರಣಿ, ತಳದಲ್ಲಿ ಇಂಗ್ಲಿಷಿನಲ್ಲಿ ‘ಚೈನಾ’ ಎಂದು ಒತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಫೋಟೋದಲ್ಲಿ ಕಾಣುವಷ್ಟರಲ್ಲಿ ನೀಲಿ ಭರಣಿ 19ನೇ ಶತಮಾನದ ಕೊನೆಯದು, ಅಂದರೆ ಗುವಾಂಗ್‌ಶು ದೊರೆಯ ಕಾಲದ್ದು (1875–1908). ಮುದ್ರೆಯಲ್ಲಿರುವುದು ಮಾತ್ರ ಕಾಂಗ್‌ಶಿಯ ಹೆಸರೇ. ಅಂಗಡಿಯವರು ಅದನ್ನು ಸರಿಯಾಗಿಯೇ ಓದಿದ್ದಾರೆ.

ನೀವೂ ಓದಬಹುದು. ಬಲಗಡೆಯ ಸಾಲು ಮೊದಲು, ಮೇಲಿನಿಂದ ಕೆಳಕ್ಕೆ: ಕಾಂಗ್, ಶಿ. ಆಮೇಲೆ ಎಡಗಡೆಯ ಸಾಲು: ನಿಯನ್, ಝಿ. ‘ಕಾಂಗ್‌ಶಿಯ ಆಳ್ವಿಕೆಯಲ್ಲಿ ಮಾಡಿದ್ದು’ ಎಂದರ್ಥ. ಆರಕ್ಷರದ ಮುದ್ರೆಯಾದರೆ ಮುಂದೆ ‘ದಾ ಚಿಂಗ್’ ಎಂದು ವಂಶದ ಹೆಸರು ಸೇರುತ್ತದೆ. ಕಾಂಗ್‌ಶಿಯ ಆಳ್ವಿಕೆಯನ್ನು 1662ರಿಂದ 1722ರವರೆಗೆ ಎಣಿಸುತ್ತಾರೆ. ಅಂಗಡಿಯವರ 300 ವರ್ಷ ಬಂದದ್ದು ಅಲ್ಲಿಂದ.

ತೊಂದರೆ ಏನೆಂದರೆ, ಚೀನಾದ ಪಿಂಗಾಣಿ ಊರಾದ ಜಿಂಗ್ಡೆಝೆನ್‌ನ ಕುಂಬಾರರು ಹಿಂದಿನ ದೊರೆಗಳ ಹೆಸರನ್ನು ಧಾರಾಳವಾಗಿ ಬರೆಯುತ್ತಿದ್ದರು. ಅದೆಲ್ಲ ಮೋಸಕ್ಕೇ ಅಂತ ಅಲ್ಲ. ಹಳೆಯ ಒಳ್ಳೆಯ ಕೆಲಸಕ್ಕೆ ಮರ್ಯಾದೆ ತೋರಿಸುವ ರೂಢಿಯೂ ಹೌದು. ಕಾಂಗ್‌ಶಿ ಕಾಲದ ಪಾತ್ರೆಗಳ ಮೇಲೇ ಅದಕ್ಕೂ ಮುಂಚಿನ ಮಿಂಗ್ ದೊರೆಗಳಾದ ಶುವಾಂಡೆ, ಚೆಂಗ್‌ಹುವಾ ಹೆಸರು ಸಿಗುತ್ತದೆ. ಆಮೇಲಿನವರು ಕಾಂಗ್‌ಶಿಯ ಹೆಸರು ಬರೆದರು. ಕೃಷ್ಣದೇವರಾಯನ ಹೆಸರಿನ ಹೋಟೆಲು ವಿಜಯನಗರ ಕಾಲದ್ದಾಗುತ್ತದೆಯೇ, ಹಾಗೆ. ಮುದ್ರೆಯಿಂದ ಗ್ಯಾರಂಟಿಯಾಗಿ ತಿಳಿಯುವುದು ಇಷ್ಟೇ: ಭರಣಿ ಆ ದೊರೆಗಿಂತ ಹಿಂದಿನದಲ್ಲ.

ಇನ್ನೊಂದು ತಮಾಷೆ ಇದೆ. 1677ರಲ್ಲಿ ಅಲ್ಲಿನ ಅಧಿಕಾರಿಯೊಬ್ಬ ಪಾತ್ರೆಗಳ ಮೇಲೆ ದೊರೆಯ ಹೆಸರು ಬರೆಯಕೂಡದು ಎಂದು ಆಜ್ಞೆ ಮಾಡಿದ. ಪಾತ್ರೆ ಒಡೆದರೆ ದೊರೆಯ ಹೆಸರು ಕಸಕ್ಕೆ ಬೀಳುತ್ತದಲ್ಲ! ಹಾಗಾಗಿ ಆ ಕಾಲದ ಎಷ್ಟೋ ಅಸಲಿ ಭರಣಿಗಳ ತಳದಲ್ಲಿ ಬರೀ ಖಾಲಿ ಉಂಗುರ ಇರುತ್ತದೆ, ಇಲ್ಲವೇ ಒಂದು ಎಲೆಯ ಚಿತ್ರ. ಪ್ಲಮ್ ಹೂವಿನ ಭರಣಿಯ ಮೇಲೆ ನಾಲ್ಕಕ್ಷರದ ಕಾಂಗ್‌ಶಿ ಮುದ್ರೆ ಕಂಡರೆ ನನಗೆ ಮೊದಲು ಅನುಮಾನವೇ ಬರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಈ ನಮೂನೆಯ ನೀಲಿ-ಬಿಳಿ ಭರಣಿಗೆ ಭಾರೀ ಬೇಡಿಕೆ ಇತ್ತು. ಆಗ ರಾಶಿ ರಾಶಿ ತಯಾರಾದವು.

ಹಾಗಾದರೆ ಏನನ್ನು ನಂಬೋದು? ಭರಣಿಯನ್ನು ಬೋರಲು ಹಾಕಿ, ಹಗಲು ಬೆಳಕಿನಲ್ಲಿ ತಳದ ಅಂಚು ನೋಡಿ. ಆವಿಗೆಯಲ್ಲಿ ಅಂಟಿಕೊಳ್ಳದಿರಲಿ ಎಂದು ಆ ಅಂಚಿನ ಗ್ಲೇಜನ್ನು (ಗಾಜಿನಂಥ ಹೊಳಪಿನ ಲೇಪ) ಸುಡುವ ಮೊದಲೇ ಒರೆಸಿರುತ್ತಾರೆ. ಮಣ್ಣು ಬರಿಗಣ್ಣಿಗೆ ಚೆನ್ನಾಗಿ ಕಾಣುವ ಜಾಗ ಅದು. ಬೆರಳು ಆಡಿಸಿ. ಕಾಂಗ್‌ಶಿ ಕಾಲದ್ದು ನುಣುಪಾಗಿ, ಒತ್ತಾಗಿ ಇರುತ್ತದೆ. ಗ್ಲೇಜ್ ಮುಗಿಯುವಲ್ಲಿ ಎಷ್ಟೋ ಸಲ ಕಿತ್ತಳೆ ಛಾಯೆಯ ಸಣ್ಣ ಗೆರೆ ಇರುತ್ತದೆ, ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ. ನಿಮ್ಮದರ ಅಂಚು ಸುಣ್ಣದ ಹಾಗೆ ಬೆಳ್ಳಗೆ, ತರಿತರಿಯಾಗಿ ಕಾಣುತ್ತಿದೆ. ಸವೆತವನ್ನೂ ನೋಡಿ. ನಿಜವಾದ ಸವೆತದ ಗೀರುಗಳು ಎಲ್ಲ ದಿಕ್ಕಿಗೂ ಹೋಗಿರುತ್ತವೆ. ಎಲ್ಲ ಒಂದೇ ದಿಕ್ಕಿಗೆ ಇದ್ದರೆ ಯಾರೋ ಮರಳು ಕಾಗದ ಉಜ್ಜಿದ್ದಾರೆ. ಒದ್ದೆ ಹತ್ತಿಯಲ್ಲಿ ಒರೆಸಿದಾಗ ಕಂದು ಬಣ್ಣ ಬಿಟ್ಟರೆ ಅದು ಹಚ್ಚಿದ ಕೊಳೆ. ನಿಮ್ಮದರಲ್ಲಿ ಅಂಥ ಕಿತಾಪತಿ ಕಾಣಲಿಲ್ಲ.

ಆಮೇಲೆ ನೀಲಿ. ಹೂವಿನ ಹಿಂದೆ ಇರುವುದು ಬಿರುಕು ಬಿಟ್ಟ ಮಂಜುಗಡ್ಡೆಯ ಚಿತ್ರ. ಚಳಿಗಾಲ ಮುಗಿಯುವಾಗ ಉದುರಿದ ಹೂಗಳು ಅವು. ಹಳೆಯ ಕೆಲಸದಲ್ಲಿ ತೆಳು ನೀಲಿಯ ಮೇಲೆ ಗಾಢ ನೀಲಿ ಹರಿದಿರುತ್ತದೆ, ಕುಂಚದ ಏರಿಳಿತ ಕಾಣುತ್ತದೆ. ನಿಮ್ಮದರಲ್ಲಿ ಬಣ್ಣ ಒಂದೇ ಸಮ, ಬಿರುಕಿನ ಗೆರೆಗಳು ದಪ್ಪ. ಅವಸರದ ಕೈ. ಇನ್ನು ಒಳಗೆ ಕೈ ಹಾಕಿ ನೋಡಿ. ತಿಗರಿಯಲ್ಲಿ ಎರಡು ಭಾಗ ಮಾಡಿ ಬೆಸೆದಿದ್ದರೆ ಹೊಟ್ಟೆಯ ಹತ್ತಿರ ಸಣ್ಣ ಏಣು ಸಿಗುತ್ತದೆ. ಏಣೂ ಇಲ್ಲ, ಬೆರಳಿನ ಸುತ್ತುಗಳೂ ಇಲ್ಲ, ಎಲ್ಲ ಕಡೆ ಒಂದೇ ದಪ್ಪ ಅಂದರೆ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಾಗಾದರೆ ನಾನು ಹೇಳಿದ್ದಕ್ಕಿಂತಲೂ ಹೊಸದು.

ಹಸಿರು ಭರಣಿಯ ವಿಷಯ ಸುಲಭ. ಅದು ಸಕ್ಕರೆ ಪಾಕದ ಶುಂಠಿ ತುಂಬಿ ಪರದೇಶಕ್ಕೆ ಕಳಿಸುತ್ತಿದ್ದ ಡಬ್ಬ, ಅಷ್ಟೇ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆಯ ಪ್ರಕಾರ 1891ರಿಂದ ಹೊರಗಿನ ಸರಕಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕಾಯಿತು. ಹಾಗಾಗಿ ಇದು ಅದರ ನಂತರದ್ದು. ‘ಮೇಡ್ ಇನ್ ಚೈನಾ’ ಎಂದು ಪೂರ್ತಿ ಬರೆದಿದ್ದರೆ ಸಾಮಾನ್ಯವಾಗಿ ಇನ್ನೂ ಈಚೆಯದು. ಆದರೆ ದೇಶದ ಹೆಸರಿಲ್ಲ ಅಂದಮಾತ್ರಕ್ಕೆ 1891ಕ್ಕಿಂತ ಹಳೆಯದು ಅಂದುಕೊಳ್ಳಬೇಡಿ. ಬೇರೆ ದೇಶಗಳಿಗೆ ಹೋದ ಮಾಲಿಗೆ ಆ ಕಟ್ಟುಪಾಡು ಇರಲಿಲ್ಲ. ಕೆಲವಕ್ಕೆ ಬರೀ ಕಾಗದದ ಚೀಟಿ ಅಂಟಿಸುತ್ತಿದ್ದರು, ಅದು ಯಾವಾಗಲೋ ಉದುರಿಹೋಗಿರುತ್ತದೆ.

ಅದರಲ್ಲಿ ಉಪ್ಪಿನಕಾಯಿ ಹಾಕಬಹುದಾ ಎಂದೂ ಕೇಳಿದ್ದೀರಿ. ಬೇಡ. ಹಳೆಯ ಹಸಿರು ಗ್ಲೇಜಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಹುಳಿ ಅದನ್ನು ಬಿಡಿಸುತ್ತದೆ. ನೀಲಿ ಭರಣಿಯನ್ನು ಕೈಯಲ್ಲೇ ತೊಳೆಯಿರಿ, ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕಬೇಡಿ. 19ನೇ ಶತಮಾನದ್ದು ಎಂದು ಕೊಟ್ಟಿದ್ದರೆ ಒಳ್ಳೆಯ ಮಾಲೇ. ಕಾಂಗ್‌ಶಿಯ ಬೆಲೆ ತೆತ್ತಿದ್ದರೆ ರಸೀದಿ ಹಿಡಿದು ಅಂಗಡಿಗೆ ವಾಪಸ್ ಹೋಗಿ. ಅದರಲ್ಲಿ ‘ಕಾಂಗ್‌ಶಿ ಕಾಲ’ ಎಂದು ಬರೆದಿದೆಯಾ, ‘ಕಾಂಗ್‌ಶಿ ಮುದ್ರೆ’ ಎಂದು ಬರೆದಿದೆಯಾ ನೋಡಿ. ಎರಡನೆಯದಾದರೆ ಜಗಳಕ್ಕೆ ಜಾಗ ಕಡಿಮೆ.